ಕೋಡ್ ಬರುವುದು ಹಸನಾಕನ ಫೋನಿಗೆ

ಹಲೋ... ಹಲೋ, ಯಾರು ಮಾತಾಡುವುದು?... ಅಲ್ಲ, ಯಾರು ಅಂತ ಹೇಳಿ ಮೊದಲು. ಈ ನಂಬರ್ ನನ್ನ ಫೋನಿನಲ್ಲಿ ಇಲ್ಲ...

ಹಾಂ, ಸ್ವರ ಗೊತ್ತಾಗ್ತದೆ. ಗೊತ್ತಾದರೂ ಹೆಸರು ಹೇಳಿ... ಹೇಳಿ ಮಾರಾಯ್ರೇ, ಒಂದು ಹೆಸರು ಹೇಳಿದರೆ ಬಾಯಿ ಸವೆಯುವುದಿಲ್ಲ. ಮೊನ್ನೆಯಿಂದ ನಮ್ಮ ಮನೆಯಲ್ಲಿ ಹೀಗೇ. ಸ್ವಂತ ತಮ್ಮ ಫೋನ್ ಮಾಡಿದರೂ ಮೊದಲು ಹೆಸರು, ಆಮೇಲೆ ಮಾತು...

ಹಾಂ, ಹಸನಾಕ. ರಿಯಾದಿನ ಬತ್ಹಾ ಪೇಟೆಯ ಹಸನ್ ಕುಂಞಿ, ಅಂಗಡಿಯ ಲ್ಯಾಂಡ್‌ಲೈನಿನಿಂದ. ಈಗ ಸರಿಯಾಯಿತು. ನಾನು ಬೆಳಗಿನಿಂದ ನಿಮ್ಮ ಮೊಬೈಲಿಗೆ ಮಾಡಿ ಮಾಡಿ ಸೋತೆ. ರಿಂಗ್ ಆಗ್ತದೆ, ಎತ್ತುವುದಿಲ್ಲ...

ಬೇಕಂತಲೇ ಎತ್ತಲಿಲ್ಲವಾ? ಆಯ್ತು. ಸುಳ್ಳು ಹೇಳದೆ ಹೇಳಿದಿರಲ್ಲ, ಅದಾದರೂ ಉಂಟು...

ಎಂತ ಅಂದಿರಿ?... ಬಾಯಮ್ಮ? ಇಷ್ಟು ವರ್ಷ 'ತಂಗಿ, ತಂಗಿ' ಅಂತ ಕರೆದವರಿಗೆ ಇವತ್ತು ನಾನು ಪರಿಚಯ ಇಲ್ಲದವರ ಹಾಗೆ ಬಾಯಮ್ಮ ಆದೆನಾ? ಆಗಲಿ. ರೆನಿಟಾ ಬಾಯಮ್ಮ. ಕೇಳ್ಲಿಕ್ಕೆ ಚಂದವೇ ಉಂಟು...

ಹೌದು. ತೆಗೆದದ್ದು ನಾನೇ. ನನ್ನ ಇಮೇಲಿನಿಂದ ನಿಮ್ಮ ನಂಬರ್ ತೆಗೆದೆ. ನಿಮ್ಮ ಫೋನಿಗೆ ಮೆಸೇಜ್ ಬಂತು, ಅಲ್ವಾ? 'ಈ ನಂಬರನ್ನು ಖಾತೆಯಿಂದ ತೆಗೆಯಲಾಗಿದೆ' ಅಂತ. ಅದು ಹಾಗೆ ಬರ್ತದೆ, ತಾನಾಗಿ ಬರ್ತದೆ. ನಾನು ಕೂತು ಬರೆದದ್ದಲ್ಲ...

ಮತ್ತೆ ಜೆಮ್ಮಾಳದ್ದೂ ಬಂತಾ... ಸಿದ್ದೀಕನ ಮನೆಯದ್ದೂ... ಎಲ್ಲರದ್ದೂ? ಬೆಳಗಿನಿಂದ ಟಿಂಗ್ ಟಿಂಗ್ ಅಂತಾ?... ನಗಲಿಲ್ಲ ಹಸನಾಕ, ಕುಕ್ಕರ್ ಕೂಗಿತು. ಒಂದು ನಿಮಿಷ, ಒಲೆ ಸಣ್ಣ ಮಾಡ್ತೇನೆ...

ಹಾಂ, ಹೇಳಿ... ಇಲ್ಲ, ನಮ್ಮ ಊರಿನವರ ವಾಟ್ಸಾಪ್ ಗ್ರೂಪಿನಲ್ಲಿ ನಾನು ನಿಮ್ಮ ಹೆಸರು ಹಾಕಲಿಲ್ಲ. ಬೇಕಾದರೆ ತೆಗೆದು ನೋಡಿ. 'ಯಾರ ಇಮೇಲಿನಲ್ಲಿ ಬೇರೆಯವರ ಫೋನ್ ನಂಬರ್ ಉಂಟೋ ಅವರು ತೆಗೆದು ಸ್ವಂತ ನಂಬರ್ ಹಾಕಿ' ಅಂತ ಬರೆದೆ, ಅಷ್ಟೆ. ಎಲ್ಲರ ಇಮೇಲಿನಲ್ಲಿಯೂ ಇರುವುದು ಒಂದೇ ನಂಬರ್ ಆದರೆ, ಅದು ನಿಮ್ಮದೇ ಆದರೆ, ಅದಕ್ಕೆ ನಾನು ಎಂತ ಮಾಡುವುದು?...

ಬೈಯಿರಿ. ಬೈದು ಮುಗಿಯಲಿ. ನಾನು ಅಲ್ಲಿವರೆಗೆ ಬೆಳ್ಳುಳ್ಳಿ ಸುಲಿಯುತ್ತೇನೆ...

ಆಯ್ತಾ?... ಇನ್ನೂ ಉಂಟಾ?...

ಹಸನಾಕ, ಅದು ನನಗೆ ಗೊತ್ತುಂಟು. ನನ್ನ ಗಂಡ ಆಂಡ್ರ್ಯೂ ರಿಯಾದಿಗೆ ಬಂದಿಳಿದಾಗ ನಿಮ್ಮ ರೂಮಿನಲ್ಲೇ ಮಲಗಿದ್ದು. ಇಲ್ಲಿ ಇರ್ಲಿಕ್ಕೆ ಪರವಾನಗಿ, ಆ ಇಕಾಮಾ ಆಗುವವರೆಗೆ ಸಿಮ್ ಸಿಗುವುದಿಲ್ಲ, ಸಿಮ್ ಇಲ್ಲದೆ ಯಾವ ಕೆಲಸವೂ ಆಗುವುದಿಲ್ಲ, ಅದಕ್ಕೆ ನೀವು ನಿಮ್ಮ ನಂಬರ್ ಹಾಕಿ ಇಮೇಲ್ ಮಾಡಿಕೊಟ್ಟಿರಿ. ಅವರಿಗೆ ಮಾಡಿದಿರಿ, ನಾನು ಬಂದಾಗ ನನಗೆ ಮಾಡಿದಿರಿ, ಮಗಳನ್ನು ಶಾಲೆಗೆ ಹಾಕುವಾಗ ಅವಳಿಗೂ ಮಾಡಿದಿರಿ. ನಮ್ಮ ಕಡೆಯಿಂದ ಬಂದವರಿಗೆಲ್ಲ ಮಾಡಿದಿರಿ. ಯಾರೂ ಮರೆಯಲಿಲ್ಲ. ಮರೆಯಲಿಕ್ಕೆ ನೀವು ಬಿಡುವುದೂ ಇಲ್ಲ...

ಹೌದು, ಚುಚ್ಚಿದೆ. ನೀವು ಇಷ್ಟು ಹೊತ್ತು ಈಟಿಯಲ್ಲಿ ತಿವಿದಿರಿ, ನನ್ನದು ಒಂದು ಸೂಜಿ...

ಈಗ ನನ್ನ ಮಾತು ಸ್ವಲ್ಪ ಕೇಳ್ತೀರಾ? ನನಗೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಅದಕ್ಕೇ ಬೆಳಗಿನಿಂದ ಫೋನ್ ಮಾಡಿದ್ದು...

ನಗಿ, ನಗಿ. 'ನಂಬರ್ ತೆಗೆದವಳಿಗೆ ಈಗ ನಾನೇ ಬೇಕಾ' ಅಂತ. ಹೌದು, ಬೇಕು. ಮಗಳು ಅಲೀನಾಳ ಇಮೇಲ್ ತೆರೆಯುವುದಿಲ್ಲ. ಮೊನ್ನೆ ನನ್ನ ಇಮೇಲಿಗೆ ನುಗ್ಗಿದ ಕಳ್ಳ ಅವಳದ್ದರ ಪಾಸ್‌ವರ್ಡನ್ನೂ ಬದಲಾಯಿಸಿದ್ದಾನೆ. ಒಳಗೆ ಹೋಗ್ಲಿಕ್ಕೆ ಇರುವುದು ಒಂದೇ ದಾರಿ, ಕೋಡ್. ಆ ಕೋಡ್ ಬರುವುದು ನಿಮ್ಮ ಫೋನಿಗೆ. ಅವಳ ಖಾತೆಯಲ್ಲಿ ಇನ್ನೂ ನಿಮ್ಮ ನಂಬರೇ ಇರುವುದು...

ಯಾಕೆ ಇವತ್ತೇ ಅಂದರೆ, ಅವಳ ಕಾಲೇಜು. ಮಂಗಳೂರಿನಲ್ಲಿ ಸೀಟು ಸಿಕ್ಕಿದೆ, ಕಿವಿ ಮತ್ತು ಮಾತಿನ ಚಿಕಿತ್ಸೆಯ ಕೋರ್ಸಿಗೆ. ಒಪ್ಪಿಗೆ ಅಂತ ಒತ್ತುವ ಲಿಂಕ್ ಆ ಇಮೇಲಿಗೇ ಬಂದಿದೆ. ಇವತ್ತು ಸಂಜೆಯೊಳಗೆ ಒತ್ತದಿದ್ದರೆ ಸೀಟು ಮುಂದಿನವರಿಗೆ. ಅಲ್ಲಿಯ ಸಂಜೆ, ನಮ್ಮದಲ್ಲ. ಊರಿನ ಗಡಿಯಾರ ನಮಗಿಂತ ಮುಂದೆ ಓಡ್ತದೆ ಅಲ್ವಾ. ಇಲ್ಲಿ ಊಟದ ಹೊತ್ತಿಗೆ ಅಲ್ಲಿ ಆಫೀಸು ಮುಚ್ಚುತ್ತದೆ...

ಮಾಡಿದೆ, ಕಾಲೇಜಿಗೂ ಫೋನ್ ಮಾಡಿದೆ. ಗುಮಾಸ್ತರು ಪಾಪ ಒಳ್ಳೆಯವರೇ. 'ನಮ್ಮ ಕೈಯಲ್ಲಿ ಎಂತದೂ ಇಲ್ಲ ಮೇಡಂ, ಆ ಇಮೇಲಿನಿಂದಲೇ ಒತ್ತಬೇಕು, ಇಮೇಲ್ ಬದಲಾಯಿಸ್ಲಿಕ್ಕೆ ಅರ್ಜಿ ಕೊಟ್ಟರೆ ಸೋಮವಾರ ನೋಡ್ತಾರೆ' ಅಂತ. ಸೋಮವಾರ ನೋಡಿ ಎಂತ ಮಾಡುವುದು?...

ಆಂಡ್ರ್ಯೂಗೆ ಹೇಳು ಅಂತೀರಾ? ಅವರು ಖರ್ಜೂರದ ಫ್ಯಾಕ್ಟರಿಯ ಕೋಲ್ಡ್ ಸ್ಟೋರೇಜಿನ ಒಳಗೆ. ಬುರೈದಾದಲ್ಲಿ ಈಗ ಸೀಸನ್ ಅಂತ ನಿಮಗೆ ಗೊತ್ತಿಲ್ಲವಾ? ಒಂದು ಮೆಷಿನ್ ನಿಂತರೆ ಲಾರಿಗಟ್ಟಲೆ ಹಣ್ಣು ಹಾಳು. ರಜಾ ದಿನವೂ ಇಲ್ಲ, ಫೋನೂ ಇಲ್ಲ. ಇಲ್ಲಿ ನಾನು, ಮಗಳು, ಮತ್ತು ನೀವು. ಬೇರೆ ಯಾರೂ ಇಲ್ಲ...

ನಿಮ್ಮ ಮೊಬೈಲ್ ಕೈಯಲ್ಲಿ ಉಂಟಲ್ಲ?... ಈಗ ಕಳಿಸ್ತೇನೆ. ಅಲೀನಾ, ಒತ್ತು ಮಗಾ, 'ಕೋಡ್ ಕಳುಹಿಸಿ' ಅಂತ ಇರುವಲ್ಲಿ...

ಬಂತಾ?... ಬಂತು. ಹಾಂ, ಹೇಳಿ. ಬರೆದುಕೊಳ್ತಾ ಇದ್ದೇನೆ...

ಹಸನಾಕ?...

ಯಾಕೆ ಹೇಳುವುದಿಲ್ಲ?...

ಮಾಫಿ? ಗ್ರೂಪಿನಲ್ಲಾ?... ಓಹೋ. ಕೋಡ್ ಬೇಕಾದರೆ ನಾನು ಗ್ರೂಪಿನಲ್ಲಿ ಎಲ್ಲರ ಎದುರು ಮಾಫಿ ಕೇಳಬೇಕು. 'ಹಸನಾಕನ ನಂಬರ್ ಯಾರೂ ತೆಗೆಯಬೇಡಿ, ತೆಗೆದವರು ವಾಪಸು ಹಾಕಿ' ಅಂತ ಬರೆಯಬೇಕು. ಹಾಗಾ? ನನ್ನ ಮಗಳ ಸೀಟು ನಿಮ್ಮ ಮುಷ್ಟಿಯಲ್ಲಿ ಇಟ್ಟುಕೊಂಡು ಈ ಮಾತಾ?...

ನೀವು ಕಳ್ಳರು ಅಂತ ನಾನು ಯಾವಾಗ ಹೇಳಿದೆ? ಒಂದು ಕಡೆ ತೋರಿಸಿ. ಹೇಳಲಿಲ್ಲ. ಹೇಳುವುದೂ ಇಲ್ಲ...

ಬತ್ಹಾದಲ್ಲಿ ಜನ ನಿಮ್ಮನ್ನು ನೋಡಿ ಎಂತ ಹೇಳ್ತಾರೆ ಅನ್ನುವುದು ನನಗೆ ಅರ್ಥ ಆಗ್ತದೆ. ನಿಜವಾಗಿಯೂ ಆಗ್ತದೆ. ಆದರೆ ಸುಳ್ಳು ಬರೆಯಲಿಕ್ಕೆ ನನ್ನಿಂದ ಆಗುವುದಿಲ್ಲ...

ನನಗೆ ಆದದ್ದು ಎಂತ ಅಂತ ನಿಮಗೆ ಗೊತ್ತುಂಟಾ? ನೀವು ಒಮ್ಮೆಯಾದರೂ ಕೇಳಿದಿರಾ? ಮೊನ್ನೆ ಬೆಳಿಗ್ಗೆ ನಾನು ಚಪಾತಿ ಲಟ್ಟಿಸ್ತಾ ಇದ್ದೆ. ಜೆಮ್ಮಾ ಫೋನ್ ಮಾಡಿ 'ಇದೆಂತ ಫೋಟೋ ಕಳಿಸಿದ್ದು ನೀನು, ತೆರೆಯುವುದೇ ಇಲ್ಲ' ಅಂದಳು. ನಾನು ಕಳಿಸಿಯೇ ಇಲ್ಲ! ನೋಡಿದರೆ ನನ್ನ ಇಮೇಲಿನಿಂದ ಎಲ್ಲರಿಗೂ ಹೋಗಿದೆ. ಅಲೀನಾಳ ಕ್ಲಾಸ್ ಟೀಚರಿಗೆ, ಆಂಡ್ರ್ಯೂನ ಮ್ಯಾನೇಜರಿಗೆ, ಊರಿನಲ್ಲಿ ನನ್ನ ಅಕ್ಕನಿಗೆ. 'ನನ್ನ ಮಗಳ ಫೋಟೋ, ತೆರೆದು ನೋಡಿ' ಅಂತ. ಮಗಳ ಹೆಸರಿನಲ್ಲಿ, ಹಸನಾಕ. ಒತ್ತಿದವರ ಕಂಪ್ಯೂಟರಿಗೂ ರೋಗ...

ಅಂಗಡಿಯ ಕಂಪ್ಯೂಟರಿನಲ್ಲಿ ನೀವೂ ಒತ್ತಿದಿರಾ?... ಆವತ್ತೇ ಹೇಳಬಾರದಿತ್ತಾ ಮಾರಾಯ್ರೇ! ಅದನ್ನು ಬಂದ್ ಮಾಡಿ, ಇಂಟರ್ನೆಟ್ ವಯರ್ ತೆಗೆಯಿರಿ. ಈಗಲೇ. ಗಿರಾಕಿ ಇದ್ದರೂ ಅಡ್ಡಿ ಇಲ್ಲ...

ತೆಗೆದಿರಾ? ಹಾಂ. ಇನ್ನು ಆ ಕಂಪ್ಯೂಟರಿನಿಂದ ಯಾರ ಪಾಸ್‌ವರ್ಡೂ ಹೊಡೆಯಬೇಡಿ. ನಾವು ನಮ್ಮ ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿಸಿದೆವು. ಅದಕ್ಕೆ ಮೊದಲು ನಾನು ಪಾಸ್‌ವರ್ಡ್ ಬದಲಾಯಿಸಿದ್ದು ಆಂಡ್ರ್ಯೂ ನನಗೆ ತೆಗೆದುಕೊಟ್ಟ ಹೊಸ ಫೋನಿನಿಂದ. ರೋಗ ಇರುವ ಕಂಪ್ಯೂಟರಿನಲ್ಲಿ ಹೊಸ ಪಾಸ್‌ವರ್ಡ್ ಹೊಡೆದರೆ ಅದೂ ಕಳ್ಳನಿಗೇ ಹೋಗ್ತದೆ, ತಿಳಿಯಿತಾ...

ಯಾರು ಕಲಿಸಲಿಕ್ಕೆ? ನಾನೇ ಕಲಿತದ್ದು. ಪಾತ್ರೆ ತೊಳೆಯುವಾಗ ಫೋನ್ ಕಿಟಕಿಯಲ್ಲಿ ಇಟ್ಟು ವಿಡಿಯೋ ಕೇಳಿದೆ. ಅರ್ಥ ಆಗದಿದ್ದರೆ ಕೈ ಒರೆಸಿ ಪುನಃ ಕೇಳಿದೆ. ಎಲ್ಲಾ ಕಡೆಯಿಂದಲೂ ಒಮ್ಮೆ ಲಾಗ್ ಔಟ್ ಆಗಿ, ಹೊಸ ಪಾಸ್‌ವರ್ಡ್ ಹಾಕಿದೆ. ಒಂದೊಂದಕ್ಕೆ ಒಂದೊಂದು. ಬ್ಯಾಂಕಿನದ್ದು ಬೇರೆ, ಇಕಾಮಾ ನೋಡುವ ಆ್ಯಪಿನದ್ದು ಬೇರೆ. ಮತ್ತೆ ಸೆಟ್ಟಿಂಗ್ಸಿನ ಒಳಗೆ ನೋಡಿದರೆ ಎಂತ ಇತ್ತು ಗೊತ್ತುಂಟಾ? ನನಗೆ ಬರುವ ಪ್ರತಿಯೊಂದು ಇಮೇಲಿನ ನಕಲು ಇನ್ನೊಂದು ವಿಳಾಸಕ್ಕೆ ಹೋಗುವ ಹಾಗೆ ಮಾಡಿಟ್ಟಿದ್ದ ಆ ಮನುಷ್ಯ. ಪಾಸ್‌ವರ್ಡ್ ಬದಲಾಯಿಸಿದರೂ ಅದು ಹೋಗ್ತಾ ಇತ್ತು. ಬೀಗ ಬದಲಾಯಿಸಿದ ಮನೆಯ ಹಿಂದಿನ ಬಾಗಿಲು ತೆರೆದಿಟ್ಟ ಹಾಗೆ...

ಹಾಂ, ಹಳೇ ಪಾಸ್‌ವರ್ಡು. ಅದನ್ನೂ ಕೇಳಿ. ಊರಿನ ಹೆಸರು, ಸೌದಿಗೆ ಬಂದ ವರ್ಷ. ನನ್ನದು ಕಲ್ಯಾಣಪುರ, ಜೆಮ್ಮಾಳದ್ದು ಶಿರ್ವ, ಸಿದ್ದೀಕನದ್ದು ಉಳ್ಳಾಲ. ಎಲ್ಲರಿಗೂ ನೀವು ಒಂದೇ ಅಚ್ಚಿನಲ್ಲಿ ಹುಯ್ದು ಕೊಟ್ಟದ್ದು. ಮರೆತುಹೋಗಬಾರದು ಅಂತ ಮಾಡಿದಿರಿ, ನನಗೆ ಗೊತ್ತುಂಟು. ಮರೆಯಲಿಲ್ಲ, ಯಾರೂ ಮರೆಯಲಿಲ್ಲ. ಕಳ್ಳನೂ ಮರೆಯಲಿಲ್ಲ...

ಹಸನಾಕ, ಕೋಡು... ಹೊತ್ತು ಹೋಗ್ತಾ ಉಂಟು... ಎಂತ, ಹೋಯಿತಾ? ಅವಧಿ ಮುಗಿಯಿತಾ?... ಅಲೀನಾ ಹೇಳ್ತಿದ್ದಾಳೆ ಅದು ಇನ್ನು ನಡೆಯುವುದಿಲ್ಲ ಅಂತ. ನೋಡಿ, ಒಂದು ಹೋಯಿತು. ಇನ್ನು ಹತ್ತು ಸಲ ಕಳಿಸ್ಲಿಕ್ಕೆ ಬಿಡುವುದಿಲ್ಲ ಅದು, ಖಾತೆಯನ್ನೇ ನಿಲ್ಲಿಸಿ ಬಿಡ್ತದೆ...

ಆಯ್ತು, ಬರೆಯುತ್ತೇನೆ. ಗ್ರೂಪಿನಲ್ಲಿ ಬರೆಯುತ್ತೇನೆ. ಸ್ಪೀಕರಿನಲ್ಲಿ ಇಟ್ಟು ಬರೆಯುತ್ತಾ ಓದ್ತೇನೆ, ಕೇಳಿ. 'ಹಸನಾಕ ಕಳ್ಳರಲ್ಲ. ಅವರ ಅಂಗಡಿಯ ಬೆಂಚಿನ ಮೇಲೆ ಕೂರದೆ ನಮ್ಮಲ್ಲಿ ಯಾರೂ ಈ ದೇಶದಲ್ಲಿ ನಿಲ್ಲಲಿಲ್ಲ.' ಸರಿಯಾ?... 'ಅವರಿಗೆ ನೋವಾಗಿದ್ದರೆ ರೆನಿಟಾ ಮಾಫಿ ಕೇಳ್ತಾಳೆ.' ಸರಿಯಾ?... 'ನಂಬರ್ ಮಾತ್ರ ಎಲ್ಲರೂ ತೆಗೆಯಿರಿ.' ಕಳಿಸಿದೆ...

ಬೊಬ್ಬೆ ಹಾಕಿದರೆ ಆಗುವುದಿಲ್ಲ. ಅದು ಹೋಗಿ ಆಯಿತು...

ಹಟ ಅಲ್ಲ. ಹಟ ಮಾಡ್ಲಿಕ್ಕೆ ನನಗೆ ಪುರುಸೊತ್ತಿಲ್ಲ. ಅಡುಗೆ ಅರ್ಧ ಆಗಿದೆ, ವಾಷಿಂಗ್ ಮೆಷಿನಿನಲ್ಲಿ ಬಟ್ಟೆ ಹಿಂಡಿ ಬಿದ್ದಿದೆ. ನಾನು ಯಾಕೆ ಹೀಗೆ ಹೇಳ್ತೇನೆ ಅಂದರೆ, ನನ್ನ ಇಮೇಲಿಗೆ ಕಳ್ಳ ಹೇಗೆ ನುಗ್ಗಿದ ಅಂತ ಅದರಲ್ಲೇ ಬರೆದುಂಟು. ಪಾಸ್‌ವರ್ಡ್ ಊಹೆ ಮಾಡಿದ, ಅದು ಸಾಕಾಗಲಿಲ್ಲ. ಮತ್ತೆ ಕೋಡ್ ಕೇಳಿತು. ಕೋಡ್ ನಿಮ್ಮ ನಂಬರಿಗೆ ಬಂತು. ಮತ್ತೆ ಅವನು ಆ ಕೋಡ್ ಹಾಕಿದ. ನಿಮ್ಮ ಫೋನಿಗೆ ಬಂದ ಕೋಡ್ ಅವನ ಕೈಗೆ ಹೇಗೆ ಹೋಯಿತು ಹಸನಾಕ?...

ನನಗೆ ಗೊತ್ತಿಲ್ಲ, ಅದಕ್ಕೇ ಕೇಳುವುದು. ಫೋನ್ ಯಾರ ಕೈಗಾದರೂ ಕೊಟ್ಟಿದ್ದಿರಾ?... ರಿಪೇರಿಗೆ?... ಇಲ್ಲ. ನಿಮ್ಮ ಮನೆಯವರು, ಖತೀಜಮ್ಮ, ಮುಟ್ಟುವುದಿಲ್ಲ... ಹಾಂ, ಅವರು ಮುಟ್ಟುವುದಿಲ್ಲ ಅಂತ ನನಗೂ ಗೊತ್ತುಂಟು...

ಮತ್ತೆ? ಯಾರಾದರೂ ಕೇಳಿದರಾ, ಕೋಡ್ ಹೇಳಿ ಅಂತ?...

ದಿನಾ ಕೇಳ್ತಾರೆ, ಹೌದು. ನಾವೆಲ್ಲ ಕೇಳ್ತೇವೆ. 'ಹಸನಾಕ, ಕೋಡ್ ಬಂದಿದೆ, ಸ್ವಲ್ಪ ಓದಿ' ಅಂತ. ನೀವು ಊಟದ ಬಟ್ಟಲು ಬಿಟ್ಟು ಎದ್ದು ಓದ್ತೀರಿ. ನಾನು ಕೇಳುವುದು ನಮ್ಮವರಲ್ಲದೆ ಅಂತ...

ಹೇಳಿ...

ಯಾರು ಅವನು?... ಹಿಂದಿಯಲ್ಲಿ ಮಾತಾಡಿದ. ಹಾಂ. ಆಂಡ್ರ್ಯೂನ ಕಂಪೆನಿಯ ಕಂಪ್ಯೂಟರ್ ಸೆಕ್ಷನಿನವನು ಅಂತ. 'ರೆನಿಟಾ ಮೇಡಂ ಕೈ ಹಿಟ್ಟಿನಲ್ಲಿದೆ, ಕೋಡ್ ಕೇಳ್ಲಿಕ್ಕೆ ನನಗೆ ಹೇಳಿದ್ದಾರೆ' ಅಂತ... ಸಲಾಂ ಹೇಳಿದ. ಚಾಚಾ ಅಂದ...

ಚಾಚಾ ಅಂದ ಕೂಡಲೇ ಓದಿಬಿಟ್ಟಿರಿ, ನನ್ನ ಕೋಡನ್ನೂ ಮಗಳದ್ದನ್ನೂ...

ಅಲ್ಲ ಹಸನಾಕ, ಆಂಡ್ರ್ಯೂನ ಕಂಪೆನಿಯಲ್ಲಿ ಕಂಪ್ಯೂಟರ್ ಸೆಕ್ಷನ್ ಎಲ್ಲಿ ಉಂಟು? ಖರ್ಜೂರ ತುಂಬಿಸುವ ಫ್ಯಾಕ್ಟರಿ ಅದು. ಮ್ಯಾನೇಜರಿನ ಮೇಜಿನ ಮೇಲೆ ಒಂದು ಕಂಪ್ಯೂಟರ್, ಅದಕ್ಕೆ ಒಂದು ಪ್ಲಾಸ್ಟಿಕ್ ಹೊದಿಕೆ. ಮತ್ತೆ ನಿಮ್ಮ ನಂಬರ್ ಸಿಗ್ಲಿಕ್ಕೆ ಅವನಿಗೆ ಕಷ್ಟವಾ? ಬತ್ಹಾದ ಬೋರ್ಡಿನ ಮೇಲೆ ಆಳೆತ್ತರ ಬರೆಸಿದ್ದೀರಿ. 'ಇಮೇಲ್ ಮಾಡಿಕೊಡಲಾಗುವುದು' ಅಂತ ಕೆಳಗೆ ನಂಬರ್. ನನ್ನ ಹೆಸರು, ಆಂಡ್ರ್ಯೂನ ಹೆಸರು ಫೇಸ್‌ಬುಕ್ಕಿನಲ್ಲಿ ಉಂಟು. ಇಷ್ಟು ಸಾಕು ಅವನಿಗೆ...

ನಿಮ್ಮದು ತಪ್ಪಾ ಅಲ್ಲವಾ ಅಂತ ನನ್ನ ಹತ್ತಿರ ಕೇಳಬೇಡಿ. ಮನಸ್ಸಿನಲ್ಲಿ ಕೆಟ್ಟದು ಇರಲಿಲ್ಲ ಅಂತ ನನಗೆ ಗೊತ್ತುಂಟು. ಆದರೆ ನಿಮಗೆ ಅದು ರೂಢಿ ಆಗಿ ಹೋಗಿದೆ. ಫೋನ್ ಟಿಂಗ್ ಅನ್ನಬೇಕು, ಯಾರಾದರೂ ಕೇಳಬೇಕು, ನೀವು ಓದಬೇಕು. ಊರಿನ ಅರ್ಧ ಜನರ ಬೀಗದ ಕೈ ನಿಮ್ಮ ಜೇಬಿನಲ್ಲಿ ಅಂತ ನಿಮಗೂ ಸ್ವಲ್ಪ ಖುಷಿ, ಅಲ್ವಾ? ಯಾರು ಬಾಗಿಲು ತಟ್ಟಿದರೂ ತೆರೆಯುವುದೇ ಕೆಲಸ...

ಹೌದು, ಕಠಿಣವಾಗಿ ಹೇಳಿದೆ. ಇನ್ನೂ ಕಠಿಣ ಹೇಳ್ತೇನೆ. ಇನ್ನು ಮುಂದೆ ಕೋಡ್ ಯಾರಿಗೂ ಓದಬೇಡಿ. ಚಾಚಾ ಅಂದರೂ ಇಲ್ಲ, ಹಸನಾಕ ಅಂದರೂ ಇಲ್ಲ. ನನ್ನ ಸ್ವರದಲ್ಲೇ ಯಾರಾದರೂ ಕೇಳಿದರೂ ಓದಬೇಡಿ. ಈಗ ಸ್ವರವನ್ನೂ ಕದಿಯುತ್ತಾರಂತೆ...



ಹಾಂ, ಅಲೀನಾ ಪುನಃ ಒತ್ತಿದ್ದಾಳೆ. ಟಿಂಗ್ ಅಂದದ್ದು ನನಗೂ ಕೇಳಿಸಿತು. ಅದೇ. ಓದಿ ಹಸನಾಕ, ದಯವಿಟ್ಟು...

ಎಂತ?...

ನಾನು ರೆನಿಟಾ ಅಂತ ನಿಮಗೆ ಹೇಗೆ ಗೊತ್ತು ಅಂತ?... ಹಸನಾಕ! ಇಷ್ಟು ಹೊತ್ತು ನನಗೇ ಅಲ್ಲವಾ ಬೈದದ್ದು ನೀವು?...

'ನೀನೇ ಹೇಳಿದ್ದು, ಸ್ವರ ನಂಬಬೇಡಿ ಅಂತ.' ಹೌದು, ನಾನೇ ಹೇಳಿದ್ದು. ಸೇಡು ತೀರಿಸುವುದಾ ಇದು?... ಸೇಡಲ್ಲ, ಪಾಠವಾ. ಮುಯ್ಯಿಗೆ ಮುಯ್ಯಿ. ಫೋನ್ ಎತ್ತುವಾಗ ನಾನು ನಿಮ್ಮ ಹೆಸರು ಕೇಳಿದೆ, ಅದು ಇನ್ನೂ ಹೊಟ್ಟೆಯಲ್ಲಿ ಉರಿಯುತ್ತಾ ಉಂಟು...

ಕೇಳಿ. ಬೇಗ ಕೇಳಿ. ಎಂತ ಬೇಕಾದರೂ ಕೇಳಿ...

ಗಂಡನ ಇಕಾಮಾ ನಂಬರಾ? ಅದು ಬೇಡ ಹಸನಾಕ, ಅದು ಆ ಇಮೇಲಿನಲ್ಲೇ ಉಂಟು, ಕಳ್ಳನಿಗೂ ಗೊತ್ತಿರ್ತದೆ. ಹುಟ್ಟಿದ ತಾರೀಕೂ ಹಾಗೇ. ಬರೆದಿಟ್ಟ ಯಾವುದನ್ನೂ ಕೇಳಬೇಡಿ. ನಾನೇ ಒಂದು ಹೇಳ್ತೇನೆ, ಎಲ್ಲಿಯೂ ಬರೆದಿಡದ್ದು...

ನೀವು ಫೋನನ್ನು ಈಗ ಬಲಗಿವಿಗೆ ಹಿಡಿದಿದ್ದೀರಿ. ಯಾವಾಗಲೂ ಬಲಗಿವಿಗೇ. ಯಾಕೆ ಅಂದರೆ ಎಡಗಿವಿ ಕೇಳುವುದಿಲ್ಲ. ಅಂಗಡಿಗೆ ಬರುವ ಒಬ್ಬನಿಗೂ ಗೊತ್ತಿಲ್ಲ. ನೀವು ಕೌಂಟರನ್ನೇ ಎಡಗಡೆಯ ಗೋಡೆಗೆ ತಾಗಿಸಿ ಇಟ್ಟಿದ್ದೀರಿ, ಆ ಬದಿಯಿಂದ ಯಾರೂ ಮಾತಾಡಬಾರದು ಅಂತ. ಅದು ಮೊದಲು ಗೊತ್ತಾದದ್ದು ನನ್ನ ಮಗಳಿಗೆ...

ನೆನಪುಂಟಾ? ಅವಳ ಇಮೇಲ್ ಮಾಡಿಸಲಿಕ್ಕೆ ಬಂದ ದಿನ. ಚಿಕ್ಕವಳು, ಮುಂದಿನ ಹಲ್ಲು ಬಿದ್ದಿತ್ತು. ನೀವು ಅವಳನ್ನು ಕೌಂಟರಿನ ಮೇಲೆ ಕೂರಿಸಿ ಟೈಪ್ ಮಾಡ್ತಾ ಇದ್ದಿರಿ. ಅವಳು ಎಡಗಡೆಯಿಂದ ಕರೆದಳು, ಕರೆದಳು, ನೀವು ತಿರುಗಲಿಲ್ಲ. ಆಮೇಲೆ ಬಗ್ಗಿ ನಿಮ್ಮ ಕಿವಿಯ ಒಳಗೆ ಇಣುಕಿ ನೋಡಿ ಎಂತ ಹೇಳಿದಳು?... ನೀವು ಹೇಳಬೇಡಿ, ನಾನೇ ಹೇಳಬೇಕು ಅಲ್ವಾ, ಪರೀಕ್ಷೆ ನನಗೆ. 'ಅಂಕಲ್, ಈ ಕಿವಿಗೆ ಬೀಗ ಬಿದ್ದಿದೆ, ದೊಡ್ಡವಳಾದ ಮೇಲೆ ನಾನು ತೆಗಿತೇನೆ' ಅಂದಳು. ನೀವು ನಕ್ಕು ನಕ್ಕು ಕಣ್ಣು ಒರೆಸಿಕೊಂಡಿರಿ. ಯಾರಿಗೂ ಹೇಳಬೇಡ ಮಗಳೇ ಅಂತ ಒಂದು ಪೊಟ್ಟಣ ಚಾಕಲೇಟ್ ಕೊಟ್ಟಿರಿ. ಅವಳು ಯಾರಿಗೂ ಹೇಳಲಿಲ್ಲ. ನಾವೂ ಹೇಳಲಿಲ್ಲ...

ಆ ಕೋರ್ಸು ಅವಳಿಗೆ ಯಾಕೆ ಬೇಕು ಅಂತ ನಾನು ಮೊದಲು ಹೇಳಲಿಲ್ಲ. ಹೇಳಿದರೆ ನಿಮ್ಮ ಕಿವಿಯ ಹೆಸರು ಹೇಳಿ ಕೋಡ್ ಕೇಳಿದ ಹಾಗೆ ಆಗ್ತದೆ ಅಂತ...

ಹಸನಾಕ?...

ಹಾಂ... ಬರೆದುಕೊಳ್ತೇನೆ... ಎಂಟು... ಎರಡು... ಹಾಂ... ಐದು... ಇನ್ನೊಮ್ಮೆ ಹೇಳಿ, ಕುಕ್ಕರ್ ಶಬ್ದ ಮಾಡ್ತದೆ... ಐದೇ... ಸೊನ್ನೆ... ಒಂಬತ್ತು... ಎಂಟು. ಅಲೀನಾ, ಹಾಕಿದೆಯಾ?...

ಒಂದು ನಿಮಿಷ... ತಿರುಗ್ತಾ ಉಂಟು...

ತೆರೆಯಿತು. ತೆರೆಯಿತು ಹಸನಾಕ! ಮಗಾ, ಬೇರೆ ಯಾವುದನ್ನೂ ಮುಟ್ಟಬೇಡ, ಮೊದಲು ಕಾಲೇಜಿನದ್ದು. ಕೆಳಗೆ ನೋಡು... ಅದೇ. ಕಳಿಸಿದ ವಿಳಾಸ ಸರಿ ಉಂಟಾ ನೋಡು, ಅಂಚೆಯಲ್ಲಿ ಬಂದ ಕಾಗದದಲ್ಲಿ ಇರುವುದೇ ಹೌದಾ ಅಂತ ಅಕ್ಷರ ಅಕ್ಷರ ನೋಡು... ಹೌದಾ? ಹಾಗಾದರೆ ಒತ್ತು...

ಬಂತಂತೆ. ಸೀಟು ಖಾಯಂ ಅಂತ ಬಂತಂತೆ. ಅಳ್ತಾ ಇದ್ದಾಳೆ ಪೆದ್ದಿ... ಇಲ್ಲ, ನಾನು ಅಳುವುದಿಲ್ಲ, ನನ್ನದು ಬೆಳ್ಳುಳ್ಳಿ...

ಬೆಳ್ಳುಳ್ಳಿಗೆ ಕಣ್ಣೀರು ಬರುವುದಿಲ್ಲವಾ? ಆಯ್ತು, ನೀವೇ ಗೆದ್ದಿರಿ...

ಒಂದು ನಿಮಿಷ ಹಸನಾಕ, ಇಡಬೇಡಿ. ಅಲೀನಾ, ಕಣ್ಣು ಒರೆಸು, ಕೆಲಸ ಮುಗಿಯಲಿಲ್ಲ. ಸೆಟ್ಟಿಂಗ್ಸಿಗೆ ಹೋಗು. ಇಮೇಲಿನ ನಕಲು ಎಲ್ಲಿಗಾದರೂ ಹೋಗ್ತದಾ ನೋಡು... ಇಲ್ಲವಾ? ದೇವರು ದೊಡ್ಡವನು. ಬೇರೆ ಫೋನು, ಬೇರೆ ಕಂಪ್ಯೂಟರ್ ಯಾವುದಾದರೂ ತೆರೆದಿದ್ದರೆ ಎಲ್ಲವನ್ನೂ ಹೊರಗೆ ಹಾಕು. ಹಾಂ. ಈಗ ಫೋನ್ ನಂಬರ್ ಇರುವಲ್ಲಿ... ನಿನ್ನದು ಹಾಕು. ಸರಿಯಾಯಿತಾ? ಹಳೆಯದ್ದು ತೆಗಿ...

ತೆಗಿ ಮಗಾ. ಯಾಕೆ ನನ್ನ ಮುಖ ನೋಡ್ತೀ? ತೆಗಿ...

ಕೇಳಿಸಿತು ಹಸನಾಕ. ಟಿಂಗ್ ಅಂತ. ಅದು ಅಲೀನಾಳದ್ದು...

ಹೌದು, ಈಗಷ್ಟೇ ಕೋಡ್ ಕೊಟ್ಟಿರಿ. ಗೊತ್ತುಂಟು...

ಹೇಳಿ, ಎಷ್ಟು ಬೇಕಾದರೂ ಹೇಳಿ. ಕೃತಘ್ನಳು ಅನ್ನಿ. ನಾನು ಕೇಳ್ತೇನೆ. ಆದರೆ ನಂಬರ್ ವಾಪಸು ಬರುವುದಿಲ್ಲ. ಕೋಡ್ ಕೊಟ್ಟ ಕೈಯನ್ನು ನಾನು ಮುತ್ತಿಕ್ಕಿಯಾದರೂ ಇಟ್ಟುಕೊಳ್ತೇನೆ, ನಂಬರ್ ಇಟ್ಟುಕೊಳ್ಳುವುದಿಲ್ಲ. ನಾಳೆ ಇನ್ನೊಬ್ಬ ನಿಮಗೆ ಚಾಚಾ ಅಂತಾನೆ, ಮತ್ತೆ ನನ್ನ ಮಗಳು ಊರಿನಲ್ಲಿ ಒಬ್ಬಳೇ ಇರ್ತಾಳೆ...

ಮರೆತರೆ? ಪಾಸ್‌ವರ್ಡ್ ಮರೆತರೆ ಯಾರಿಗೆ ಫೋನ್ ಮಾಡ್ತಾಳೆ ಅಂತಾ?...

ಯಾರಿಗೂ ಮಾಡುವುದಿಲ್ಲ. ಅವಳ ಫೋನಿಗೇ ಬರ್ತದೆ. ಅದೂ ಕಳೆದುಹೋದರೆ ಬೇರೆ ಕೋಡ್ ಕೊಡ್ತದೆ, ಕಾಗದದಲ್ಲಿ ಬರೆದಿಡ್ಲಿಕ್ಕೆ. ನನ್ನದು ಕುಚ್ಚಲಕ್ಕಿ ಡಬ್ಬಿಯ ಅಡಿಯಲ್ಲಿ... ಅಯ್ಯೋ, ನೋಡಿ, ನಾನೇ ಹೇಳಿಬಿಟ್ಟೆ. ಇವತ್ತೇ ಜಾಗ ಬದಲಾಯಿಸಬೇಕು...

ನೀವು ಇದಕ್ಕಾದರೂ ನಗುತ್ತೀರಿ ಅಂದುಕೊಂಡೆ...

ಶುಕ್ರವಾರ ಬನ್ನಿ. ಖತೀಜಮ್ಮನನ್ನೂ ಕರೆದುಕೊಂಡು ಬನ್ನಿ. ಆಂಡ್ರ್ಯೂ ಹೊಸ ಖರ್ಜೂರ ಕಳಿಸಿಕೊಟ್ಟಿದ್ದಾರೆ, ನಿಮ್ಮ ಪಾಲಿನ ಪೆಟ್ಟಿಗೆ ಹಾಗೇ ಉಂಟು. ನಿಮ್ಮ ಸ್ವಂತ ಇಮೇಲಿನ ಪಾಸ್‌ವರ್ಡೂ ಬದಲಾಯಿಸುವ. ಅದು ದೇರಳಕಟ್ಟೆ ಅಂತ ನನಗೂ ಗೊತ್ತುಂಟು, ಗ್ರೂಪಿನಲ್ಲಿ ಎಲ್ಲರಿಗೂ ಗೊತ್ತುಂಟು...

ಬರುವುದಿಲ್ಲವಾ? ನನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ... ಲಿಫ್ಟ್ ಉಂಟು ಹಸನಾಕ. ಪೆಟ್ಟಿಗೆ ತೆಗೆದಿಟ್ಟಿರ್ತೇನೆ...

ಎಂತ ಮಗಾ?... ಹೊಸ ಪಾಸ್‌ವರ್ಡ್ ಕೇಳ್ತದಾ? ನೀನೇ ಯೋಚಿಸಿ ಹಾಕು. ಉದ್ದ ಇರಲಿ. ಊರಿನ ಹೆಸರು ಬೇಡ, ನನ್ನ ಹೆಸರು ಬೇಡ, ಅಪ್ಪನದ್ದೂ ಬೇಡ... ಇಲ್ಲ, ಇಲ್ಲ, ತೋರಿಸಬೇಡ. ಫೋನ್ ಆಚೆ ತಿರುಗಿಸು. ನನಗೂ ಹೇಳಬೇಡ...

ಕೇಳಿದಿರಾ ಹಸನಾಕ? ನನಗೂ ಹೇಳಬೇಡ ಅಂದೆ. ನಿಮ್ಮೊಬ್ಬರನ್ನೇ ಹೊರಗೆ ಹಾಕಿದ್ದಲ್ಲ, ನಾನೂ ಹೊರಗೇ ನಿಂತಿದ್ದೇನೆ, ನಿಮ್ಮ ಪಕ್ಕದಲ್ಲೇ...

ಹಲೋ?... ಹಸನಾಕ?... ಇಟ್ಟುಬಿಟ್ಟಿರಾ?... ಹಲೋ...